ಪೈಪು, ನಾಲಿಗೆ ಮತ್ತು ಮೇಡ್ಲೇರಿಯ ಖಾರ

…ಅಥವಾ ಅದು ಹಾವೇರಿಯ ಬಸ್ ನಿಲ್ದಾಣವಲ್ಲ, ರಾಣೆಬೆನ್ನೂರಿನ ರೈಲ್ವೆ ಸ್ಟೇಷನ್ನೇ ಇರಬೇಕು. ಮೊದಲ ಸಲ ಪೈಪನ್ನು ಬಾಯಿಗಿಟ್ಟದ್ದು ಎಲ್ಲಿ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ಹಾವೇರಿ ಎನ್ನುತ್ತಿದ್ದೆ. ಅದಕ್ಕೊಂದು ಚಿತ್ರವೂ ಇತ್ತು: ಕಲ್ಲುಬೆಂಚು, ಎದುರಿಗೆ ಕಾಗಿನೆಲೆಗೆ ಹೊರಟು ನಿಂತ ಬಸ್ಸು, ಅದರ ಕಿಟಕಿಯಿಂದ ನನ್ನನ್ನೇ ದಿಟ್ಟಿಸುತ್ತಿದ್ದ ಒಬ್ಬ ಅಜ್ಜಿ. ಮೊನ್ನೆ ಸುಮ್ಮನೆ ಕೂತಿದ್ದಾಗ ಹೊಳೆಯಿತು. ಆ ಅಜ್ಜಿ ನೋಡುತ್ತಿದ್ದದ್ದು ಪೈಪನ್ನಲ್ಲ, ಮಳೆಯಿಲ್ಲದ ದಿನ ನಾನು ಬಿಚ್ಚಿ ಹಿಡಿದಿದ್ದ ಕೊಡೆಯನ್ನು. ಅವಳು ಬೇರೆ ವರ್ಷದ, ಬೇರೆ ಪ್ರಯಾಣದ ಅಜ್ಜಿ. ಅವಳನ್ನು ಅಲ್ಲಿಂದ ಎತ್ತಿಕೊಂಡು ಬಂದು ಈ ಕಥೆಯ ಕಿಟಕಿಯಲ್ಲಿ ಕೂರಿಸಿದವನು ನಾನೇ. ಚೆನ್ನಾಗಿ ಕೂತಿದ್ದಳು, ಅದಕ್ಕೇ ಅನುಮಾನ ಬಂದದ್ದು. ನೆನಪಿನಲ್ಲಿ ಯಾವುದಾದರೂ ತೀರ ಅಚ್ಚುಕಟ್ಟಾಗಿ ಕೂತಿದ್ದರೆ ಅದನ್ನು ಯಾರೋ ತಂದು ಕೂರಿಸಿದ್ದಾರೆಂದೇ ಅರ್ಥ.

ಹಾಗಾಗಿ ಊರು ಯಾವುದೆಂದು ನಾನು ಹಟ ಮಾಡುವುದಿಲ್ಲ. ನಾಲಿಗೆ ಉರಿದದ್ದು ಮಾತ್ರ ಖರೆ. ನಾಲಿಗೆಗೆ ಅಜ್ಜಿಯರನ್ನು ಕಲ್ಪಿಸಿಕೊಳ್ಳುವ ಶಕ್ತಿ ಇಲ್ಲ ಎಂದು ಸದ್ಯಕ್ಕೆ ನಂಬಿದ್ದೇನೆ. ಆ ನಂಬಿಕೆಗೂ ಮುಂದೆ ಒಂದು ಪೆಟ್ಟು ಕಾದಿದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ನಾನು ಕಥೆಯೆಂದು ಕರೆಯುತ್ತಿದ್ದ, ಬೇರೆಯವರು ಏನೆಂದೂ ಕರೆಯದ ಬರಹಗಳನ್ನು ಬರೆಯುತ್ತಿದ್ದೆ. ಒಮ್ಮೆ ಪೂರ್ಣವಿರಾಮವೇ ಇಲ್ಲದ ಕಥೆಯೊಂದನ್ನು ಬರೆದು ಪತ್ರಿಕೆಗೆ ಕಳಿಸಿದ್ದೆ. ಪ್ರೂಫ್ ನೋಡಿದ ಪುಣ್ಯಾತ್ಮ ಇದು ಮೇಷ್ಟರ ಮರೆವು ಎಂದುಕೊಂಡು ಎಲ್ಲ ಕಡೆ ಪೂರ್ಣವಿರಾಮ ಹಾಕಿ ಅಚ್ಚು ಮಾಡಿಸಿದ್ದ. ಓದಿದವರು ಈ ಸಲ ಅರ್ಥವಾಯಿತು ಎಂದರು. ಆ ಅವಮಾನದ ಬೆನ್ನಲ್ಲೇ ನಾನು ಪೈಪು ಕೊಂಡದ್ದು. ಅರ್ಥವಾಗದಂತೆ ಬರೆಯಲು ಬಿಡದಿದ್ದರೆ ಅರ್ಥವಾಗದಂತೆ ಕಾಣಬಹುದಲ್ಲ. ಹುಬ್ಬಳ್ಳಿಯ ಹಳೆಯ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಅದು ಎಷ್ಟು ಕಾಲದಿಂದ ಬಿದ್ದಿತ್ತೋ, ಅಂಗಡಿಯವನು ಧೂಳನ್ನು ಊದಿ ತೆಗೆದು, ಮರುಕದಿಂದ ಕೊಟ್ಟ. ತಂಬಾಕಿನ ಡಬ್ಬಿಯನ್ನು ಗೋವಾಕ್ಕೆ ಹೋಗಿದ್ದ ಸಹೋದ್ಯೋಗಿ ತಂದುಕೊಟ್ಟರು.

ಪೈಪು ಸೇದುವುದನ್ನು ಕಲಿಯದವರಿಗೆ ಒಂದು ಮಾತು ಹೇಳಬೇಕು. ಅದನ್ನು ಸೇದಬಾರದು. ಅಲ್ಲೇ ಇರುವುದು ತೊಡಕು. ನಮ್ಮ ಭಾಷೆಯಲ್ಲಿ ಬೀಡಿ ಸೇದುತ್ತೇವೆ, ಬಾವಿಯಿಂದ ನೀರನ್ನೂ ಸೇದುತ್ತೇವೆ. ಕ್ರಿಯಾಪದ ಒಂದೇ. ರಟ್ಟೆಯಲ್ಲಿ ಬಲವಿಟ್ಟು, ಹಗ್ಗ ಎಳೆದಂತೆ, ಆಳದಿಂದ ಮೇಲಕ್ಕೆ. ನಮ್ಮ ಹಿರಿಯರು ಸೇದುತ್ತಿದ್ದ ಮಣ್ಣಿನ ಕೊಳವೆಗೆ ಚಿಲುಮೆ ಎಂಬ ಹೆಸರು; ನೆಲದಿಂದ ತಾನಾಗಿ ಉಕ್ಕುವ ನೀರಿಗೂ ಚಿಲುಮೆ ಎಂದೇ ಹೆಸರು. ಎರಡೂ ಬೇರೆ ಬೇರೆ ಬೇರಿನಿಂದ ಬಂದ ಮಾತುಗಳೆಂದು ನಿಘಂಟು ಹೇಳಬಹುದು. ನಾನು ತರಗತಿಯಲ್ಲಿ ಇದನ್ನೇ ದೊಡ್ಡ ರೂಪಕ ಮಾಡಿ, ಕನ್ನಡಿಗನಿಗೆ ಹೊಗೆಯೂ ಒಂದು ಬಗೆಯ ನೀರು ಎಂದು ಪಾಠ ಹೇಳಿದ್ದುಂಟು. ಆದರೆ ತಂಬಾಕಿನ ಡಬ್ಬಿಯೊಳಗಿದ್ದ ಇಂಗ್ಲಿಷ್ ಚೀಟಿ ಬೇರೆಯದನ್ನೇ ಹೇಳುತ್ತಿತ್ತು: ಬಿಸಿ ಹಾಲಿನ ಕೆನೆಯನ್ನು ತುಟಿಯಿಂದ ಸರಿಸಿದಷ್ಟೇ ಎಳೆಯಬೇಕು, ಆರಿದರೆ ಆರಲಿ, ಮತ್ತೆ ಹಚ್ಚಬೇಕು, ಅವಸರ ಕೂಡದು. ಚೀಟಿಯ ಇಂಗ್ಲಿಷಿನಲ್ಲಿ ಹಾಲು ಇತ್ತೋ ನಾನು ಸೇರಿಸಿದೆನೋ ಖಾತ್ರಿಯಿಲ್ಲ. ಖಾತ್ರಿಯಿರುವುದು, ನಾನು ಬಾವಿಯ ಮನುಷ್ಯನಂತೆ ಸೇದಿದೆ. ಪೈಪಿನ ಹೊಟ್ಟೆ ಕೆಂಡವಾಯಿತು, ನಾಲಿಗೆಯ ತುದಿ ಸುಟ್ಟ ಹಪ್ಪಳದ ಅಂಚಿನಂತಾಯಿತು.

ಉರಿ ಒಂದು ದಿನದ್ದಲ್ಲ. ನಾಲಿಗೆಯ ಮೇಲೆ ಯಾರೋ ಸಣ್ಣ ಉಸುಕಿನ ಕಾಗದದಿಂದ ತಿಕ್ಕಿದ ಹಾಗೆ. ಚಹಾ ಕುಡಿದರೆ ಉರಿ, ಹುಳಿ ತಿಂದರೆ ಉರಿ, ತರಗತಿಯಲ್ಲಿ ಮಹಾಪ್ರಾಣ ಉಚ್ಚರಿಸಿದರೂ ಉರಿ. ನನ್ನ ಹೆಂಡತಿ ಸರೋಜಾ ತುಪ್ಪ ಸವರಿದಳು, ಕಲ್ಲುಸಕ್ಕರೆ ಇಡಿಸಿದಳು, ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿಸಿದಳು. ಮಜ್ಜಿಗೆಯೊಂದೇ ನಿಜವಾಗಿ ಹಿತ ಕೊಟ್ಟದ್ದು. ನಾನು ತಂಬಾಕನ್ನು ಹಾಳೆಯ ಮೇಲೆ ಹರಡಿ ಒಣಗಿಸುವುದು, ಹೆಬ್ಬೆರಳಿನಿಂದ ಹದವಾಗಿ ಒತ್ತುವುದು, ಸೀಮೆಸುಣ್ಣದ ತುಂಡಿನಿಂದ ಬೂದಿ ಅದುಮುವುದು, ಮೂರನೆಯ ಕಡ್ಡಿಗೂ ಹತ್ತದೆ ಬೈದುಕೊಳ್ಳುವುದು, ಇದನ್ನೆಲ್ಲ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಹೊಗಿ ಬಿಡೋ ಕೆಲಸಕ್ಕ ಇಷ್ಟ ತಯಾರಿ ಬೇಕೇನ್ರಿ? ನಮ್ಮ ಬಚ್ಚಲ ಒಲಿನ ಶಾಣ್ಯಾ ಐತಿ ನೋಡ್ರಿ, ಒಂದ ಕಡ್ಡಿಗೆ ಹತ್ತತೈತಿ" ಎಂದಳು.

ಈ ಉರಿ ತಾನಾಗಿ ಹೋಗುವಂಥದ್ದು, ಹೊಸಬರ ನಾಲಿಗೆಗೆ ಇದು ಇದ್ದದ್ದೇ ಎಂದು ಚೀಟಿಯಲ್ಲಿ ಬರೆದಿತ್ತು. ನಾನು ಚೀಟಿಯನ್ನು ನಂಬಿದೆ. ಉರಿಯುವ ನಾಲಿಗೆಯನ್ನು ಬಾಯಿಯಲ್ಲಿಟ್ಟುಕೊಂಡೇ ಊರೂರು ತಿರುಗಿದೆ. ಅದರಲ್ಲಿ ಬ್ಯಾಡಗಿಯೂ ಒಂದು.

ಬ್ಯಾಡಗಿಯಲ್ಲಿ ಮಾಲತೇಶ ಇದ್ದ. ನಾವಿಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅಪ್ಪನ ದಲಾಲಿ ಅಂಗಡಿ ನಡೆಸುತ್ತಿದ್ದ. ಆ ಊರಿನಲ್ಲಿ ಬಸ್ಸಿಳಿದವರು ಮೊದಲು ಮಾಡುವ ಕೆಲಸ ಸೀನುವುದು, ಎರಡನೆಯದು ಕೆಮ್ಮುವುದು. ಹಂಗಾಮಿನಲ್ಲಿ ಗಾಳಿಯೇ ಘಾಟು. ಕಣ್ಣಲ್ಲಿ ನೀರು ಬಂದರೆ, ಗಂಟಲು ಕೆರೆದರೆ, ಬಾಯಿ ಉರಿದರೆ ಅಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ಉತ್ತರ ಎಲ್ಲ ಕಡೆ ಕೆಂಪಗೆ ರಾಶಿ ಬಿದ್ದಿರುತ್ತದೆ. ತಮಾಷೆಯೆಂದರೆ ಅಲ್ಲಿಯ ಕಾಯಿಯ ಹೆಸರು ದೊಡ್ಡದಾದದ್ದು ಖಾರಕ್ಕಲ್ಲ, ಬಣ್ಣಕ್ಕೆ. ಸುಕ್ಕುಸುಕ್ಕಾಗಿ, ಗಾಢ ಕೆಂಪಾಗಿ, ತಿಂದರೆ ಸೌಮ್ಯವಾಗಿ. ನಮ್ಮ ಕಡೆಯ ಮನೆಗಳಲ್ಲಿ ಬೇಸಿಗೆಗೆ ಇಡೀ ವರ್ಷದ ಖಾರ ಕುಟ್ಟಿಸಿ ಡಬ್ಬಿ ತುಂಬುತ್ತಾರೆ. ಪುಡಿಯನ್ನೇ ಖಾರ ಎನ್ನುತ್ತೇವೆ, ಅದು ಎಷ್ಟೇ ಸಪ್ಪೆಯಿದ್ದರೂ.

ಮಾಲತೇಶನ ಎಡಗೆನ್ನೆಯಲ್ಲಿ ಸದಾ ಗುಟ್ಕಾ ಇರುತ್ತಿತ್ತು. ನಾನು ಪೈಪು ಹಿಡಿದು ಅದನ್ನು ಬಿಡೆಂದು ಉಪದೇಶಿಸುತ್ತಿದ್ದೆ.

"ಏ ಮಾಸ್ತರ, ನಮ್ಮ ಮುತ್ಯಾ ಚಿಲುಮಿ ಸೇದ್ತಿದ್ದ, ಕೆಮ್ಮಿದ್ರ ಹಕ್ಕಿ ಹಾರಿ ಹೋಗ್ತಿದ್ವು. ನೀ ಅವನ ಹಳೀ ಚಿಲುಮಿಗೆ ಪಾಲಿಶ್ ಹಚ್ಚಿಕೊಂಡು ಬಂದು ನನಗ ಬುದ್ಧಿ ಹೇಳಾಕತ್ತೀಯಲ್ಲೋ" ಎಂದು ನಗುತ್ತಿದ್ದ.

ಆ ವರ್ಷ ಯುಗಾದಿಯ ಆಸುಪಾಸಿನಲ್ಲಿ ಅವನ ಮನೆಯಲ್ಲಿ ಜಗಳವೆದ್ದಿತ್ತು. ಹೊಸ ಖಾರ ಕುಟ್ಟಿಸಿ ತಂದ ಮೇಲೆ ಅವನಿಗೆ ಊಟ ಸೇರುತ್ತಿರಲಿಲ್ಲ. ಒಂದು ತುತ್ತಿಗೆ ಬಾಯಿ ಉರಿದು ತಾಟು ಸರಿಸುತ್ತಿದ್ದ. ಹೆಂಡತಿ ಗಿರಿಜಾ, ನಾನು ವೈನಿ ಎನ್ನುತ್ತಿದ್ದವಳು, ಪಲ್ಯಕ್ಕೆ ಖಾರ ಅರ್ಧ ಮಾಡಿದಳು, ಕಾಲು ಮಾಡಿದಳು, ಆದರೂ ಉರಿ. ಬ್ಯಾಡಗಿಯ ಮನುಷ್ಯನಿಗೆ ಬಾಯಿ ಉರಿದರೆ ಅವನು ಬಾಯಿಯನ್ನು ಅನುಮಾನಿಸುವುದಿಲ್ಲ, ಕಾಯಿಯನ್ನು ಅನುಮಾನಿಸುತ್ತಾನೆ. ಜಗತ್ತಿನಲ್ಲಿ ಬೇರೆಲ್ಲಿ ಇಂಥ ತಪ್ಪು ಸಾಧ್ಯ? ಅವನ ಪಾಲಿಗೆ ನಡೆದದ್ದು ಸ್ಪಷ್ಟವಾಗಿತ್ತು: ಯಾರೋ ಗುಂಟೂರಿನ ಖಾರದ ಕಾಯಿ ಬೆರೆಸಿದ್ದಾರೆ. ಮನೆಯ ಖಾರಕ್ಕೆ ಅವನು ಪ್ರತಿವರ್ಷ ಮೇಡ್ಲೇರಿಯ ಫಕ್ಕೀರಪ್ಪನೆಂಬ ರೈತನ ಕಾಯಿಯನ್ನೇ ತೆಗೆದುಕೊಳ್ಳುತ್ತಿದ್ದ. ಆರೋಪಿ ಅವನೇ ಆದ.

ಫಕ್ಕೀರಪ್ಪ ಕೊನೆಯ ಕೊಯ್ಲಿನ ಚೀಲಗಳನ್ನು ತಂದ ದಿನ ನಾನು ಅಂಗಡಿಯಲ್ಲಿದ್ದೆ. ಇದು ನನಗೆ ನೆನಪಿದೆ, ಅಥವಾ ಮಾಲತೇಶ ಮುಂದೆ ಎಷ್ಟೋ ಸಲ ಹೇಳಿ ಹೇಳಿ ನೆನಪಾಗಿದೆ.

"ಸಾವ್ಕಾರ್ರ, ಅದ ಹೊಲ, ಅದ ಬೀಜ, ಅದ ಹೊಳಿ ನೀರು. ನಾ ಯಾಕ ಬೆರಸ್ಲಿ?" ಎಂದ ಫಕ್ಕೀರಪ್ಪ.

"ಹಂಗಾರ ನನ್ನ ಬಾಯಿ ಸುಳ್ಳ ಹೇಳ್ತೈತೇನು?"

"ನಿಮ್ಮ ಬಾಯಿಗೆ ಸುಳ್ಳ ಅನ್ನಾಕ ನಾ ಯಾರ್ರಿ?"

"ನನ್ನ ಮಾತ ಬ್ಯಾಡ. ಇಲ್ಲಿ ಮಾಸ್ತರ ಕುಂತಾನ. ಇವ ನಿನ್ನ ಪೈಕಿ ಅಲ್ಲ, ನನ್ನ ಪೈಕಿ ಅಲ್ಲ. ಲೇ, ನೀ ತಿಂದು ನೋಡಿ ಹೇಳೋ."

ಚೀಲದಿಂದ ಒಂದು ಕಾಯಿ ಹಿರಿದು ಕೊಟ್ಟ. ನಾನು ಪೈಪನ್ನು ಜೇಬಿಗಿಟ್ಟು, ನ್ಯಾಯಾಧೀಶನ ಗಾಂಭೀರ್ಯದಿಂದ ತುದಿ ಕಚ್ಚಿದೆ. ನಾಲಿಗೆಯ ಮೇಲೆ ಕೆಂಡ ಇಟ್ಟಂತಾಯಿತು. ಕಣ್ಣಲ್ಲಿ ನೀರು ಬಂತು.

"ಖಾರ ಐತಿ," ಎಂದೆ. "ಭಾಳ ಐತಿ."

ಮಾಲತೇಶ ಗೆದ್ದವನಂತೆ ಅಂಗಡಿಯ ಸುತ್ತ ನೋಡಿದ. ಫಕ್ಕೀರಪ್ಪ ಹೆಗಲ ಮೇಲಿನ ಟವೆಲ್ ಕೊಡವಿ, "ಇಬ್ಬರೂ ಶಾಣ್ಯಾರು ಖಾರ ಅಂದಮ್ಯಾಲ ಖಾರ ಅನ್ರಿ. ನಾ ಮುಂದಿನ ಅಂಗಡಿಗೆ ಹೋಗತೇನಿ" ಎಂದು ಚೀಲಗಳನ್ನು ಮತ್ತೆ ಗಾಡಿಗೆ ಹೇರಿಸಿಕೊಂಡು ಹೋದ.

ಅಲ್ಲಿಗೆ ತೀರ್ಪು ಆಯಿತು. ಎರಡು ಬಾಯಿಗಳು ಒಂದೇ ಮಾತು ಹೇಳಿದ ಮೇಲೆ ಮೂರನೆಯದು ಬೇಕಿಲ್ಲ. ನನ್ನ ನಾಲಿಗೆ ಪೈಪಿನಿಂದ ಸುಟ್ಟದ್ದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಸುಟ್ಟ ನಾಲಿಗೆ ಸಾಕ್ಷಿ ಹೇಳಬಾರದೆಂದು ಹೊಳೆಯಲಿಲ್ಲ ಅಷ್ಟೇ. ನಾಲಿಗೆ ಹೇಳುವುದು ತನ್ನ ಬಗ್ಗೆಯೋ ಕಾಯಿಯ ಬಗ್ಗೆಯೋ ಎಂದು ಬೇರ್ಪಡಿಸಲು ನಮ್ಮ ಮಾತಿನಲ್ಲಿ ಅನುಕೂಲವೂ ಕಡಿಮೆ. ಖಾರ ಎಂಬುದು ಸಂಸ್ಕೃತದ ಕ್ಷಾರ ಸವೆದು ಆದದ್ದು. ಕ್ಷಾರವೆಂದರೆ ಸುಡುವುದು, ಕರಗಿಸುವುದು, ಗಾಯಕ್ಕೆ ಹಚ್ಚುವ ಕಟುವಾದ ಉಪ್ಪು. ಮೆಣಸಿನಕಾಯಿ ಹೊಳೆ ಸಮುದ್ರ ದಾಟಿ ನಮ್ಮ ಹೊಲಕ್ಕೆ ಬರುವ ಮೊದಲೇ ಈ ಮಾತು ಇತ್ತು. ಪೈಪಿನ ಹೊಗೆಯ ಕಾಟಕ್ಕೂ ಅದರ ಕ್ಷಾರ ಗುಣವೇ ಒಂದು ಕಾರಣವೆಂದು ರಸಾಯನಶಾಸ್ತ್ರದ ಸಹೋದ್ಯೋಗಿ ನಂತರ ಹೇಳಿದರು. ಅಂದರೆ ನಾನು ಹೇಳಿದ ಪದ ಸರಿಯಾಗಿಯೇ ಇತ್ತು. ಅದು ಯಾರ ಮೇಲೆ ಕೂರಬೇಕೋ ಅವರ ಮೇಲೆ ಕೂರಲಿಲ್ಲ.

ಮಾಲತೇಶ ಬೇರೆ ಕಾಯಿ ತರಿಸಿದ. ಅದೂ ಖಾರ. ಮತ್ತೊಂದು ಹಳ್ಳಿಯದು ತರಿಸಿದ. ಖಾರ. ಇಡೀ ಮಾರುಕಟ್ಟೆ ಕೆಟ್ಟುಹೋಗಿದೆ ಎಂದು ಬಂದವರಿಗೆಲ್ಲ ಹೇಳತೊಡಗಿದ. ಹೊಸ ತಳಿಯ ಬೀಜ ಬರತೊಡಗಿದ್ದ ಕಾಲ ಅದು. ನಾಲ್ಕು ಜನ ಹೌದೆಂದು ತಲೆಯಾಡಿಸಿದರು. ಕೊನೆಗೆ ಅವನು ಮೊಸರನ್ನಕ್ಕೆ ಸಕ್ಕರೆ ಕಲಸಿಕೊಂಡು ತಿನ್ನುವುದನ್ನು ರೂಢಿ ಮಾಡಿಕೊಂಡ. ನಾನೂ ಅಲ್ಲಿ ಹೋದಾಗ ಅದನ್ನೇ ತಿಂದೆ. ಇಬ್ಬರು ನಡುವಯಸ್ಸಿನ ಗಂಡಸರು, ಮೆಣಸಿನಕಾಯಿಯ ರಾಜಧಾನಿಯಲ್ಲಿ, ಕೂಸುಗಳ ಊಟ ಉಣ್ಣುತ್ತ ಕಾಲ ಕೆಟ್ಟಿತು ಎನ್ನುತ್ತಿದ್ದೆವು.

ನನ್ನ ತಂಬಾಕಿನ ಡಬ್ಬಿ ಮುಗಿಯಿತು. ಗೋವಾಕ್ಕೆ ಹೋಗುವ ಸಹೋದ್ಯೋಗಿಗೆ ವರ್ಗವಾಗಿತ್ತು. ಹಾವೇರಿಯಲ್ಲಿ ಹುಡುಕಿದೆ, ಬೀಡಿ ತಂಬಾಕು ತುಂಬಿ ನೋಡಿದೆ, ಅದು ನನ್ನನ್ನು ಎರಡು ದಿನ ಮಲಗಿಸಿತು. ಪೈಪು ಮೇಜಿನ ಖಾನೆ ಸೇರಿತು. ಬಿಟ್ಟೆ ಎಂದು ಹೇಳಿಕೊಳ್ಳುವಂಥ ಧೈರ್ಯದ ಕೆಲಸ ನಾನು ಮಾಡಲಿಲ್ಲ, ಅದು ಸಿಗಲಿಲ್ಲ ಅಷ್ಟೇ. ಉರಿ ಯಾವಾಗ ಹೋಯಿತೋ ತಿಳಿಯಲಿಲ್ಲ. ನೋವು ಬಂದ ಗಳಿಗೆ ನೆನಪಿರುತ್ತದೆ, ಹೋದ ಗಳಿಗೆಗೆ ಯಾರೂ ಸಾಕ್ಷಿಯಿರುವುದಿಲ್ಲ.

ಶ್ರಾವಣದ ಒಂದು ಸೋಮವಾರ ಬ್ಯಾಡಗಿಗೆ ಹೋದೆ. ವೈನಿ ರೊಟ್ಟಿಯ ಜೊತೆ ಎಣ್ಣೆ ಕಲಸಿದ ಖಾರ ಬಡಿಸಿದಳು. ನಾನು ಮಾತಾಡುತ್ತ ತಿಂದೆ, ಮತ್ತೆ ಹಾಕಿಸಿಕೊಂಡೆ. ರುಚಿಯಿತ್ತು, ಬಣ್ಣವಿತ್ತು, ಒಂದು ಸಣ್ಣ ಸಿಹಿಯಿತ್ತು.

"ಇದು ಯಾವ ಖಾರರೀ ವೈನಿ? ಚಲೋ ಐತಿ."

"ಅದರೀ, ಮೇಡ್ಲೇರಿದು. ನಿಮ್ಮ ದೋಸ್ತರು ಚೆಲ್ಲು ಅಂದ್ರು. ವರ್ಷದ ಖಾರ ಹೆಂಗ ಚೆಲ್ಲೂದು? ಮುಚ್ಚಿ ಇಟ್ಟಿದ್ದೆ. ಹುಡುಗರು ಅದನ್ನ ತಿನ್ನಾಕತ್ತಾವು, ಯಾರಿಗೂ ಖಾರ ಹತ್ತಿಲ್ಲ."

ನನ್ನ ಕೈಯಲ್ಲಿ ತುತ್ತು ಹಾಗೇ ಉಳಿಯಿತು. ಎದುರಿಗೆ ಮಾಲತೇಶ ಮೊಸರನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದ. ಚಮಚ ಯಾಕೆ ಎಂದು ನಾನು ಆವರೆಗೆ ಕೇಳಿರಲಿಲ್ಲ. ಕೈತುತ್ತು ಒಳಗೆ ಹೋಗುತ್ತಿರಲಿಲ್ಲ.

ಮರುದಿನ ಅವನನ್ನು ಹಾವೇರಿಗೆ ಕರೆದುಕೊಂಡು ಹೋದೆ. ಹಲ್ಲಿನ ಡಾಕ್ಟರ್ ನಮಗಿಂತ ಬಹಳ ಚಿಕ್ಕವರು.

"ಬಾಯಿ ತೆಗೀರಿ."

"ತೆಗದೇನ್ರಿ."

"ಇನ್ನಷ್ಟು ತೆಗೀರಿ."

"ಇಷ್ಟ ಐತ್ರಿ ಇದು."

ಡಾಕ್ಟರ್ ಅವನದೇ ಮೂರು ಬೆರಳು ಜೋಡಿಸಿ ಬಾಯಿಗಿಡಲು ಹೇಳಿದರು. ಎರಡು ಹೋದವು, ಅದೂ ಕಷ್ಟದಿಂದ. ಕೆನ್ನೆಯ ಒಳಗೆ ಬೆಳ್ಳಗೆ, ಹಗ್ಗದಂತೆ ಬಿಗಿದಿದೆ ಎಂದರು. ಎಂದಿನಿಂದ ಉರಿಯುತ್ತಿದೆ ಎಂದು ಕೇಳಿದರು.

"ಈ ಸಲದ ಖಾರ ಕುಟ್ಟಿಸಿದಾಗಿಂದ್ರಿ."

"ಖಾರಕ್ಕ ಏನೂ ಆಗಿಲ್ರಿ. ನಿಮ್ಮ ಬಾಯಿಗೆ ಆಗೇತಿ. ಗುಟ್ಕಾ ತಿನ್ನೋರಿಗೆ ಮೊದ್ಲ ಹಿಂಗ ಉರಿ ಶುರುವಾಗ್ತೈತಿ."

"ಮಾಸ್ತರಗೂ ಹತ್ತಿತ್ತಲ್ರಿ. ಕೇಳ್ರಿ ಬೇಕಾದ್ರ, ಇವ ಗುಟ್ಕಾ ಮುಟ್ಟಿದಾಂವ ಅಲ್ಲ."

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಪೈಪಿನ ವಿಷಯ ಹೇಳಬೇಕಾಯಿತು. ಆ ಚಿಕ್ಕ ಕೋಣೆಯಲ್ಲಿ ಪೈಪು ಎಂಬ ಮಾತು ಎಷ್ಟು ಹಾಸ್ಯಾಸ್ಪದವಾಗಿ ಕೇಳಿಸಿತೆಂದರೆ ನಾನು ಅದನ್ನು ಮೆಲ್ಲಗೆ ಇನ್ನೊಮ್ಮೆ ಹೇಳಿದೆ.

"ಇವರದು ಬ್ಯಾರೆರಿ," ಎಂದರು ಡಾಕ್ಟರ್. "ಬಿಟ್ಟಮ್ಯಾಲ ಹೋಗೋ ಅಂಥದ್ದು."

"ನಂದು?" ಎಂದ ಮಾಲತೇಶ.

ಡಾಕ್ಟರ್ ಹುಬ್ಬಳ್ಳಿಯ ಆಸ್ಪತ್ರೆಗೆ ಚೀಟಿ ಬರೆಯತೊಡಗಿದರು.

ಆ ದಿನವೇ ಅವನು ಗುಟ್ಕಾ ಬಿಟ್ಟ. ನಿಜವಾಗಿಯೂ ಬಿಟ್ಟ, ಸಿಗದೆ ಬಿಟ್ಟವನು ನಾನು, ಅಂಗಡಿಯ ಬಾಗಿಲಲ್ಲೇ ಮಾಲೆಮಾಲೆಯಾಗಿ ನೇತಾಡುತ್ತಿದ್ದರೂ ಬಿಟ್ಟವನು ಅವನು. ಹಲ್ಲುಗಳ ನಡುವೆ ಐಸ್‌ಕ್ಯಾಂಡಿಯ ಕಡ್ಡಿಗಳನ್ನು ಒಂದರ ಮೇಲೊಂದು ತುರುಕಿ ಬಾಯಿ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟಿದ್ದರು. ಅಂಗಡಿಯ ಹಣದ ಗಲ್ಲೆಯ ಮೇಲೆ ಕೂತು, ಕಡ್ಡಿಗಳ ಕಟ್ಟನ್ನು ಕಚ್ಚಿಕೊಂಡು, ಹರಾಜಿನ ಸವಾಲಿನ ಗದ್ದಲ ಕೇಳುತ್ತ ಇರುತ್ತಿದ್ದ. ಗಿರಾಕಿಗಳಿಗೆ ನಗು ಬರುತ್ತಿತ್ತು, ಅವನಿಗೂ ಬರುತ್ತಿತ್ತು, ನಕ್ಕರೆ ಕಡ್ಡಿ ಉದುರುತ್ತಿದ್ದವು.

ಫಕ್ಕೀರಪ್ಪನಿಗೆ ಹೇಳಿ ಕಳಿಸಿದ: ನಿನ್ನ ಕಾಯಿ ಖಾರ ಇರಲಿಲ್ಲ, ತಪ್ಪು ನಮ್ಮ ಕಡೆ. ಫಕ್ಕೀರಪ್ಪ ತಾನೇ ಬಂದ. ಮಾಲತೇಶನ ಬಾಯಿಯನ್ನು, ಕಡ್ಡಿಗಳನ್ನು ನೋಡಿ, ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ.

"ಖಾರ ಇರಲಿಲ್ಲ ಅಂತ ನನಗ ಗೊತ್ತಿತ್ರಿ," ಎಂದ. "ಈಗ ನೋಡಿದ್ರ, ಇದ್ದಿದ್ರ ಚಲೋ ಇತ್ತು ಅನ್ನಸ್ತೈತಿ."

ನಾನು ಸ್ವಭಾವತಃ ಅನುಮಾನದ ಮನುಷ್ಯ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಖಾರ ಕಸುವು ಕಳೆದುಕೊಂಡಿರಬಹುದು. ಆ ದಿನ ನಾನು ಕಚ್ಚಿದ ಆ ಒಂದು ಕಾಯಿ ಖರೆ ಖಾರವೇ ಇದ್ದಿರಬಹುದು. ನಾನು "ಇಲ್ಲ, ಸಪ್ಪೆ" ಎಂದಿದ್ದರೆ ಮಾಲತೇಶ ನಾಲ್ಕು ತಿಂಗಳು ಮೊದಲು ಆಸ್ಪತ್ರೆಗೆ ಹೋಗುತ್ತಿದ್ದನೋ, ನನ್ನನ್ನು ಬೈದು ಇನ್ನೊಬ್ಬ ಸಾಕ್ಷಿಯನ್ನು ಕರೆಯುತ್ತಿದ್ದನೋ? ಅವನ ಸ್ವಭಾವ ನೋಡಿದರೆ ಎರಡನೆಯದೇ. ಹೀಗೆ ನಾನು ನನ್ನ ಪರ ವಾದಿಸುವುದು ನನಗೇ ಕೇಳಿಸುತ್ತದೆ, ಆಗ ನಿಲ್ಲಿಸುತ್ತೇನೆ.

ಒಂದು ವರ್ಷ ಅವನ ಬಾಯಿಗೆ ಹಿಡಿಸುವ ಕಡ್ಡಿಗಳು ಹೆಚ್ಚಾದವು. ಆಮೇಲೆ ಕಡಿಮೆಯಾದವು. ಕೆನ್ನೆಯಲ್ಲಿ ಹುಣ್ಣಾಗಿ, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದವನು ಹಂಗಾಮು ಶುರುವಾದೊಡನೆ ಅಂಗಡಿಗೆ ಬಂದು ಕೂತ. ಕೊಳ್ಳುವುದು ಮಾರುವುದು ತಮ್ಮ ನೋಡುತ್ತಿದ್ದ. ಇವನು ಸುಮ್ಮನೆ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು, ಕಾಯಿಗಳನ್ನು ಕೈಯಲ್ಲಿ ಮುರಿದು, ಬೀಜಗಳನ್ನು ಅಂಗೈಯಲ್ಲಿ ಅಲ್ಲಾಡಿಸಿ, ಮೂಸಿ ಕೆಳಗೆ ಹಾಕುತ್ತಿದ್ದ.

ನಾನು ಅವನನ್ನು ಕಡೆಯ ಸಲ ನೋಡಿದ್ದು ಹಾಗೆ. ಸವಾಲು ಜೋರಾಗಿ ನಡೆದಿತ್ತು, ಹಮಾಲರು ಕೂಗುತ್ತಿದ್ದರು. ನಾನು ರಾಣೆಬೆನ್ನೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವನು ನನ್ನ ಅಂಗಿಯ ತೋಳು ಹಿಡಿದು ಏನೋ ಹೇಳಿದ. ನಾಲ್ಕೈದು ಮಾತು ಇರಬೇಕು. ತುಟಿ ಅಲ್ಲಾಡಿದವು, ಬಾಯಿ ತೆರೆಯಲಿಲ್ಲ, ದನಿ ಮೂಗಿನೊಳಗೇ ತಿರುಗಿ ಉಳಿಯಿತು. ಕೊನೆಗೆ ದನಿ ಸ್ವಲ್ಪ ಮೇಲೇರಿತ್ತು, ಹಾಗಾಗಿ ಪ್ರಶ್ನೆಯೆಂದು ತಿಳಿದೆ. ಅಂಥ ಬಾಯಿಯವನಿಗೆ ಇನ್ನೊಮ್ಮೆ ಹೇಳು ಎನ್ನುವುದು ಹೇಗೆ? ನಾನು "ಹೌದು" ಎಂದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತೋಳು ಬಿಟ್ಟ.

ಮಳೆಗಾಲಕ್ಕೆ ಮೊದಲೇ ಹೋದ. ಅವನು ಹೇಳಿದ್ದು ಏನಿರಬಹುದೆಂದು ವೈನಿಯನ್ನು ಕೇಳಿದೆ. "ಉಂಡು ಹೋಗತೀಯೇನು ಅಂದಿರಬೇಕ್ರಿ, ಯಾರ ಬಂದ್ರೂ ಅದನ್ನ ಕೇಳ್ತಿದ್ರು" ಎಂದಳು. ಇರಬಹುದು. ಆದರೆ ನಾನು ಹೌದೆಂದ ಮೇಲೂ ಅವನು ಊಟಕ್ಕೆ ಏಳಲಿಲ್ಲ, ಮನೆಯ ಕಡೆ ಕೈ ತೋರಿಸಲಿಲ್ಲ. ಕಾಯಿ ಮುರಿಯುತ್ತ ಕೂತ. ನಾನು ಬಸ್ಸು ಹಿಡಿದೆ. ನಾನು ಯಾವುದಕ್ಕೆ ಹೌದು ಎಂದೆನೋ ನನಗೆ ಗೊತ್ತಿಲ್ಲ.